ಅವ್ವ ಭಂಡಾರ ಇಳಿಸಿದ ವರ್ಷ

ಮೊನ್ನೆ ಗೋಕಾಕದಿಂದ ಮೇಲವಂಕಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ರಸ್ತೆ ಬದಿಯ ಹೊಲದಲ್ಲಿ ಅರಿಶಿನ ಬೇಯಿಸುತ್ತಿದ್ದರು. ದೊಡ್ಡ ಕಡಾಯಿ, ಕೆಳಗೆ ಕಬ್ಬಿನ ಒಣಗರಿ ರವದಿಯ ಬೆಂಕಿ, ಮೇಲೆ ಮುಚ್ಚಿದ ಗೋಣಿಚೀಲದ ಸಂದಿಯಿಂದ ಹಬೆ. ಪಕ್ಕದಲ್ಲಿದ್ದ ಹೆಂಗಸು ಮೂಗು ಅರಳಿಸಿ, "ಏನ್ ಛಲೋ ವಾಸನಿ ನೋಡ್ರಿ ಅಕ್ಕೋರ" ಅಂದಳು. ಬೆಂದ ಅರಿಶಿನದ ವಾಸನೆ ಬಂದರೆ ಅದರ ಬೆನ್ನಿಗೇ ನನಗೆ ರಕ್ತದ ವಾಸನೆ ಬರುತ್ತದೆ. ಯಾರಿಗೆ ಹೇಳುವುದು ಇದನ್ನು? ಕಿಟಕಿ ಎಳೆದುಕೊಂಡೆ.

ನನ್ನ ಹೆಸರು ಶಾಂತಾ. ಹೆಸರಿಗೂ ಸ್ವಭಾವಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ ಅಂತ ಕುಲಗೋಡದ ಹೈಸ್ಕೂಲಿನಲ್ಲಿ ನನ್ನ ಜೊತೆಯ ಮಾಸ್ತರರು ಚೇಷ್ಟೆ ಮಾಡುತ್ತಾರೆ. ಅಲ್ಲಿ ಕನ್ನಡ ಕಲಿಸುತ್ತೇನೆ. ತವರು ಮೇಲವಂಕಿ. ಈ ಕಥೆ ನಡೆದ ವರ್ಷಕ್ಕಿಂತ ಹಿಂದಿನ ವರ್ಷ, ನನ್ನ ಅಣ್ಣ ಬಸಪ್ಪನನ್ನು ನಮ್ಮ ದೊಡ್ಡಪ್ಪನ ಮಗ ಮಲ್ಲಪ್ಪ ಹೊಲದ ಬದುವಿನ ಮೇಲೆ ಕಡಿದು ಕೊಂದ. ಕಾಲುವೆ ನೀರಿನ ಪಾಳಿಗೆ ಎದ್ದ ಜಗಳ. ಅವ್ವ ಬುತ್ತಿ ಹೊತ್ತು ಅದೇ ಹೊತ್ತಿಗೆ ಅಲ್ಲಿಗೆ ಹೋಗಿದ್ದಳು. ನಡೆದದ್ದನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಅವತ್ತು ತವರಿಗೆ ಬಂದಿದ್ದ ನಾನು ಓಡಿ ಹೋಗುವಷ್ಟರಲ್ಲಿ ಅಣ್ಣ ಕಾಲುವೆಯ ಬಾಯಿಗೆ ಅಡ್ಡ ಬಿದ್ದಿದ್ದ. ಕುತ್ತಿಗೆ ಅರ್ಧ ತೆರೆದಿತ್ತು. ನೀರನ್ನು ಯಾರೂ ತಿರುವಿರಲಿಲ್ಲ. ಅದು ಅವನನ್ನು ತೊಳೆದುಕೊಂಡು ನಮ್ಮ ಅರಿಶಿನದ ಸಾಲುಗಳಿಗೆ ಕೆಂಪಗೆ ಹರಿಯುತ್ತಿತ್ತು. ಅವ್ವ ಕೆಸರಿನಲ್ಲಿ ಕೂತು, ಚೆಲ್ಲಿದ ರೊಟ್ಟಿಗಳನ್ನು ಒಂದೊಂದೇ ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು.

ಅಣ್ಣನನ್ನು ಮಣ್ಣು ಮಾಡಿ ಬಂದ ದಿನವೇ ಅವ್ವ ಊರ ದ್ಯಾಮವ್ವನ ಗುಡಿಗೆ ಹೋಗಿ ಭಂಡಾರ ಎತ್ತಿದಳು. ದೇವಿಯ ಪಾದದ ಅರಿಶಿನ ಪುಡಿಗೆ ನಮ್ಮಲ್ಲಿ ಭಂಡಾರ ಅನ್ನುತ್ತಾರೆ. ಅದನ್ನು ಮುಷ್ಟಿಯಲ್ಲಿ ಹಿಡಿದು ಆಡಿದ ಮಾತು ನಡೆಯಲೇಬೇಕು. ಎತ್ತಿದವರೇ ಇಳಿಸಿದರೆ ಮಾತ್ರ ಬಿಡುಗಡೆ, ಹಾಗೆ ಇಳಿಸಿದವರನ್ನು ನಾನಂತೂ ಕಂಡಿರಲಿಲ್ಲ.

"ಅದ ಬದುವಿನ ಮ್ಯಾಲ ಮಲ್ಲ್ಯಾನ ರಕ್ತ ಬೀಳಬೇಕು. ನನ್ನ ಸಿದ್ದು ಬೀಳಸ್ತಾನ" ಅಂದಳು. ಸಿದ್ದು ನನ್ನ ತಮ್ಮ, ಅವಳಿಗೆ ಉಳಿದ ಒಬ್ಬನೇ ಗಂಡುಮಗ. ಆ ಮುಷ್ಟಿ ಭಂಡಾರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಸೀರೆ ಬದಲಿಸಿದರೆ ಗಂಟೂ ಬದಲಾಗುತ್ತಿತ್ತು, ಬಿಚ್ಚುತ್ತಿರಲಿಲ್ಲ. ಅವತ್ತು ನನ್ನ ಕೈಗೆ ಯಾರಾದರೂ ಕೊಡಲಿ ಕೊಟ್ಟಿದ್ದರೆ ನಾನೇ ಹೋಗುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು.

ಮಲ್ಲಪ್ಪ ಕೆಲವು ತಿಂಗಳಲ್ಲಿ ಜಾಮೀನಿನ ಮೇಲೆ ಹೊರಗೆ ಬಂದ. ಕೇಸು ಮುಗಿಯುವವರೆಗೆ ಮೇಲವಂಕಿಯಲ್ಲಿ ಕಾಲಿಡಬಾರದು ಅಂತ ಕೋರ್ಟಿನ ಷರತ್ತು. ಹೆಂಡತಿಯ ತವರು ಕುಲಗೋಡಕ್ಕೆ ಬಂದು ಕೂತ, ಅಂದರೆ ನನ್ನ ಕಣ್ಣೆದುರಿಗೇ. ಘೋಡಗೇರಿಯಿಂದ ನಮ್ಮ ಸೋದರಮಾವ ಬಂದು, ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ಗಂಡಸಿನ ಜಾಗದಲ್ಲಿ ಕೂತು ತೀರ್ಮಾನ ಕೊಟ್ಟ.

"ಅಕ್ಕಾ, ಕೋರ್ಟಿನ್ಯಾಗ ನಾ ಏನೂ ನೋಡಿಲ್ಲಂತ ಹೇಳಿ ಬಿಡು. ನೀ ನೋಡೇನಿ ಅಂದ್ರ ಅಂವ ಒಳಗ ಹೋಗಿ ಸರಕಾರದ ಅನ್ನ ತಿಂದು ದಪ್ಪ ಆಗ್ತಾನ. ನಮ್ಮ ಕೈಗೆ ಹೆಂಗ ಸಿಗ್ತಾನ? ಬಿಡುಗಡಿ ಆಗಿ ಬರ್ಲಿ ಊರಿಗೆ. ಬಂದು ಹೊಲಕ್ಕ ಕಾಲ ಇಡ್ಲಿ."

ಕೊಂದವನು ಬಿಡುಗಡೆ ಆಗಲಿ ಅಂತ ಸತ್ತವನ ಮನೆಯವರೇ ಬಯಸುವುದು ಬೇರೆ ಊರಿನವರಿಗೆ ಹುಚ್ಚು ಅನ್ನಿಸಬಹುದು. ನಮ್ಮ ಕಡೆ ಇದು ನೂರಾರು ಮನೆಗಳು ಮಾಡಿದ ತಪ್ಪು. ಅವ್ವ ಹೂಂ ಅಂದಳು. ಸಿದ್ದುವನ್ನು ಮಾವ ಘೋಡಗೇರಿಗೆ ಕರೆದೊಯ್ದ. ಸಂಕ್ರಾಂತಿಗೆ ಅಲ್ಲಿಗೆ ಹೋದಾಗ ಹಿತ್ತಲಿನಲ್ಲಿ ನೋಡಿದೆ. ನನ್ನ ತಮ್ಮ ಬಾಳೆಯ ದಿಂಡುಗಳನ್ನು ಆಳೆತ್ತರಕ್ಕೆ ನೆಟ್ಟು, ಕಬ್ಬು ಕಡಿಯುವ ಕೊಯ್ತಾದಿಂದ ಒಂದೇ ಏಟಿಗೆ ಉರುಳಿಸುವುದನ್ನು ರೂಢಿ ಮಾಡುತ್ತಿದ್ದ. ಮಾವ ಪಕ್ಕದಲ್ಲಿ ತಂಬಾಕು ತಿಕ್ಕುತ್ತ, "ಇನ್ನೊಂಚೂರು ಮ್ಯಾಲ, ಇನ್ನೊಂಚೂರು" ಅನ್ನುತ್ತಿದ್ದ. ದಿಂಡಿನ ರಸ ಸಿದ್ದುವಿನ ಮುಖಕ್ಕೆಲ್ಲ ಸಿಡಿದಿತ್ತು. ನನ್ನ ಸಿಟ್ಟು ಅಲ್ಲೇ ತಣ್ಣಗಾಗಿ ಹೆದರಿಕೆಯಾಯಿತು. ಮಲ್ಲಪ್ಪನಿಗೂ ಇಬ್ಬರು ತಮ್ಮಂದಿರಿದ್ದಾರೆ. ಅಣ್ಣ ಹೋದ, ಈಗ ಇವನೂ ಹೋಗುತ್ತಾನೆ. ಅವ್ವ ಕೋರ್ಟಿನಲ್ಲಿ ಒಂದು ಸುಳ್ಳು ಹೇಳಿದರೆ ಸಾಕು, ಸಿದ್ದುವಿನ ಕಥೆ ಮುಗಿಯಿತು.

ಅವ್ವನಿಗೆ ಹೇಳಿದೆ, ಜಗಳ ಮಾಡಿದೆ, ಪಾತ್ರೆ ಎಸೆದೆ. "ನೀ ಕೊಟ್ಟ ಮನಿಯಾಕಿ, ಸುಮ್ಮನಿರು" ಅಂದಳು ಅಷ್ಟೆ.

ಅದೇ ಅರಿಶಿನದ ಸುಗ್ಗಿಯಲ್ಲಿ ನಮ್ಮ ಹೆಡ್‌ಮಾಸ್ತರರಿಗೆ ಒಬ್ಬ ಲೇಖಕರನ್ನು ಕರೆಸುವ ಹುಮ್ಮಸ್ಸು ಬಂತು. ಹುಕ್ಕೇರಿಯ ಈರಪ್ಪ ಮಾಸ್ತರರು. ನಿವೃತ್ತರಾದ ಮೇಲೆ ತಮ್ಮ ಮನೆತನದ ಇನ್ನೂರು ವರ್ಷದ ಹಿಂದಿನ ದುಃಖವನ್ನು ದೊಡ್ಡ ಕಾದಂಬರಿ ಮಾಡಿ ಬರೆದಿದ್ದರು. ಕಂಪನಿ ಸರಕಾರದ ಕಾಲದ ಒಂದು ವಾಡೆ, ಅದರಲ್ಲಿ ಅಣ್ಣತಮ್ಮಂದಿರ ಮಕ್ಕಳು ಒಬ್ಬರನ್ನೊಬ್ಬರು ಮುಗಿಸುವ ಕಥೆ. ನಾನು ಓದಿದ್ದೆ. ಓದಿ ಎರಡು ದಿನ ಊಟ ಸೇರಿರಲಿಲ್ಲ. ಕಾರ್ಯಕ್ರಮದ ಜವಾಬ್ದಾರಿ ನನಗೇ ಬಂತು. ಅವ್ವನನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಬೇಕು ಅಂತ ಅವತ್ತೇ ನಿರ್ಧರಿಸಿದೆ. ಮಗಳ ಮಾತು ಕೇಳದವಳು ಪುರಾಣವನ್ನಾದರೂ ಕೇಳುತ್ತಾಳೆ. ಘೋಡಗೇರಿಗೆ ಫೋನು ಮಾಡಿ, ಅವ್ವನನ್ನು ಮೇಲವಂಕಿಯಿಂದ ಬೈಕಿನ ಮೇಲೆ ಕರೆತಾ ಅಂತ ಸಿದ್ದುವಿಗೆ ಹೇಳಿದೆ. ಭಂಡಾರದ ಮಾತು ಬದುವಿನದು, ಕುಲಗೋಡದಲ್ಲಿ ಅವನು ಕೈ ಎತ್ತುವುದಿಲ್ಲ ಅಂತ ನನ್ನ ಧೈರ್ಯ.

ಕೆಟ್ಟದ್ದು ಶುರುವಾದದ್ದು ಆಟೋದಿಂದ. ಊರಲ್ಲಿ ಕಾರ್ಯಕ್ರಮ ಅಂದರೆ ಆಟೋಕ್ಕೆ ಮೈಕಿನ ಭೋಂಗಾ ಕಟ್ಟಿ ಸಾರಬೇಕು. ಸಾರುವವನಿಗೆ ಕಾದಂಬರಿ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ನಾಟಕ ಕಂಪನಿಯವರ ಧಾಟಿಯಲ್ಲೇ ಕೂಗಿಕೊಂಡು ಓಣಿ ಓಣಿ ತಿರುಗಿದ.

"ದೊಡ್ಡಪ್ಪನ ಮಗ ಕೊಂದಾನ, ತಾಯಿ ಅತ್ತಾಳ! ಖರೆ ಖರೆ ನಡೆದ ಕಥಿ! ಕೊಂದವರು ಯಾರು, ಅತ್ತವರು ಯಾರು, ಕೇಳಾಕ ಬರ್ರಿ!"

ಆ ಆಟೋ ಮಲ್ಲಪ್ಪನ ಮಾವನ ಮನೆಯ ಮುಂದೆಯೇ ನಿಂತು ಇದನ್ನು ಕೂಗಿತು. ಶಾಂತಾ ಅಕ್ಕೋರು ದುಡ್ಡು ಕೊಟ್ಟು ಹುಕ್ಕೇರಿಯಿಂದ ಒಬ್ಬನನ್ನು ಕರೆಸಿ, ಅಳಿಯನ ಮಾನ ಬೀಗರ ಊರಲ್ಲಿ ಹರಾಜು ಹಾಕಿಸುತ್ತಿದ್ದಾರೆ ಅಂತ ಅವರು ತಿಳಿದುಕೊಂಡರು. ನನಗೆ ಇದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಮಧ್ಯಾಹ್ನ ಸಮುದಾಯ ಭವನ ತುಂಬಿತು. ಪ್ರವಚನ ಅಂದುಕೊಂಡು ಹೆಂಗಸರು ತೆಂಗಿನಕಾಯಿ, ಊದಿನಕಡ್ಡಿ ತಂದಿದ್ದರು. ಒಬ್ಬ ಮುದುಕಿ ಈರಪ್ಪ ಮಾಸ್ತರರ ಕಾಲಿಗೆ ನೀರು ಹಾಕಲು ಹೋದಳು. ಅವರು ಗಾಬರಿಯಾಗಿ ಬೂಟು ಹಿಂದಕ್ಕೆ ಎಳೆದುಕೊಂಡರು. ಎಲ್ಲರೂ ನಕ್ಕರು, ಅವ್ವ ಕೂಡ ನಕ್ಕಳು. ಸಿದ್ದು ಹಿಂದೆ ಬಾಗಿಲ ಹತ್ತಿರ ನಿಂತ. ಅವನ ಬೈಕಿಗೆ ಕೊಯ್ತಾ ಕಟ್ಟಿತ್ತು. ಕಬ್ಬಿನ ಹಂಗಾಮಿನಲ್ಲಿ ಎಲ್ಲರ ಗಾಡಿಗೂ ಇರುತ್ತದೆ, ನಾನು ಅದರ ಬಗ್ಗೆ ಯೋಚಿಸಲಿಲ್ಲ.

ಈರಪ್ಪ ಮಾಸ್ತರರು ಸಣ್ಣ ಆಳು. ಮೈಕು ಬೇಡ ಅಂದರು, ಆದರೂ ದನಿ ಕೊನೆಯ ಸಾಲಿಗೆ ಮುಟ್ಟುತ್ತಿತ್ತು.

"ನಮ್ಮ ಮನ್ಯಾಗ ಹೆಣ್ಣಮಕ್ಕಳು ಅಮಾಸಿಗೊಮ್ಮೆ ಹಾಡ್ಯಾಡಿ ಅಳತಾರ್ರಿ. ಸತ್ತವರು ಇನ್ನೂರು ವರ್ಷದ ಹಿಂದಿನವರು. ಅವರ ಮುಖ ಯಾರೂ ನೋಡಿಲ್ಲ. ನಮ್ಮ ಆಯಿ ಅತ್ತಿದ್ದು, ನಮ್ಮವ್ವ ಅತ್ತಿದ್ದು, ಈಗ ನನ್ನ ಸೊಸಿ ಅಳತಾಳ. ಈ ಅಳು ಎಲ್ಲಿಂದ ಬಂತು ಅಂತ ಹುಡಿಕ್ಕೋತ ಹೋದೆ. ಅದ ಈ ಕಾದಂಬರಿ."

ಆಮೇಲೆ ಕಥೆ ಹೇಳಿದರು. ವಾಡೆಯ ಹಿರಿಯ ಮಗನನ್ನು ದಾಯಾದಿ ಊಟದ ಎಲೆಯ ಮುಂದೆ ಇರಿದು ಕೊಲ್ಲುತ್ತಾನೆ. ಬಡಿಸುತ್ತಿದ್ದ ತಾಯಿ ನೋಡುತ್ತಾಳೆ. ವಿಚಾರಣೆಗೆ ಕಂಪನಿಯ ಸಾಹೇಬ ಕುದುರೆ ಏರಿ ಬರುತ್ತಾನೆ. ತಾಯಿ ಅವನ ಮುಂದೆ, ನಾನು ಏನೂ ನೋಡಿಲ್ಲ ಅನ್ನುತ್ತಾಳೆ. ಕೊಂದವನು ಬಿಡುಗಡೆಯಾಗುತ್ತಾನೆ. ಎರಡನೆಯ ಮಗ ಅವನನ್ನು ಬಾವಿಯ ಮೆಟ್ಟಿಲ ಮೇಲೆ ತುಂಡು ಮಾಡುತ್ತಾನೆ. ಸತ್ತ ದಾಯಾದಿಯ ತಮ್ಮಂದಿರು ಎರಡನೆಯ ಮಗನನ್ನು ಕಟ್ಟಿ, ಎತ್ತಿನ ಗಾಡಿಯ ಚಕ್ರಕ್ಕೆ ಹಾಕುತ್ತಾರೆ. ಮೂರನೆಯವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ, ಅವನ ಕೈಗೂ ತಾಯಿಯೇ ಕತ್ತಿ ಕೊಡುತ್ತಾಳೆ. ಅವನೂ ತಿರುಗಿ ಬರುವುದಿಲ್ಲ.

ಭವನದಲ್ಲಿ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು. ಈರಪ್ಪ ಮಾಸ್ತರರು ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟರು.

"ಕಾದಂಬರ್ಯಾಗ ಆ ತಾಯೀನ್ನ ನಾ ಭಾಳ ದೊಡ್ಡಾಕಿ ಮಾಡೇನ್ರಿ. ಓದಿದವರು ಅಳತಾರ, ನನಗ ಹಾರ ಹಾಕತಾರ. ಪುಸ್ತಕದಾಗ ಬರೀಲಾರದ್ದು ಒಂದು ಇಲ್ಲಿ ಹೇಳತೇನಿ. ಮೊದಲನೇ ಮಗನ್ನ ದಾಯಾದಿ ಕೊಂದ. ಉಳಿದ ಇಬ್ಬರನ್ನ ಕೊಂದಾಕಿ ಆಕಿನ."

ಅವ್ವ ನೆಟ್ಟಗೆ ಕೂತಳು. ಅವಳ ಮುಖ ನನಗೆ ಅಡ್ಡವಾಗಿತ್ತು, ಕುತ್ತಿಗೆಯ ನರ ಮಾತ್ರ ಕಾಣುತ್ತಿತ್ತು. ಆಗಲೇ ಹಿಂದಿನಿಂದ ಗದ್ದಲ ಕೇಳಿಸಿತು. ಮಲ್ಲಪ್ಪ ಹೆಂಡತಿಯ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಳಗೆ ಬಂದಿದ್ದ. ಅವರ ಕೈಯಲ್ಲಿ ಬಡಿಗೆಗಳಿದ್ದವು.

"ಯಾರ ಕಥಿ ಹೇಳಾಕತ್ತೀಯೋ ಮುದಕಾ?"

"ನಮ್ಮ ಮನಿ ಕಥಿರಿ" ಅಂದರು ಈರಪ್ಪ ಮಾಸ್ತರರು.

"ನಿಮ್ಮ ಮನೀದು? ದೊಡ್ಡಪ್ಪನ ಮಗ ಕೊಂದ ಅಂದ್ರ ನಿಮ್ಮ ಮನೀದು? ಈ ಶಾಂತಿ ಎಷ್ಟ ಕೊಟ್ಟಾಳ ನಿನಗ?"

ಅವರು ಬಾಯಿ ತೆರೆಯುವ ಮೊದಲೇ ಕಬ್ಬಿಣದ ಕುರ್ಚಿಯೊಂದು ತೂರಿ ಬಂದು ಅವರ ಮುಖಕ್ಕೆ ಬಡಿಯಿತು. ಕನ್ನಡಕ ಒಡೆದು ಹುಬ್ಬಿನೊಳಗೆ ಹೋಯಿತು. ಹೆಂಗಸರು ಕಿರುಚಿ ಬಾಗಿಲಿಗೆ ನುಗ್ಗಿದರು. ನನ್ನ ಜೊತೆಯ ಮಾಸ್ತರರೊಬ್ಬರ ಮೊಣಕೈಗೆ ಬಡಿಗೆ ಬಿತ್ತು, ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ಒಬ್ಬ ನನ್ನ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದ. ನಾನು ಅವನ ಕೈಯನ್ನು ಹಲ್ಲು ಒಳಗೆ ಇಳಿಯುವ ಹಾಗೆ ಕಚ್ಚಿದೆ. ಕಚ್ಚಿ ಬಿಡಲಿಲ್ಲ. ಬಾಯಲ್ಲಿ ಉಪ್ಪು ಉಪ್ಪು ರಕ್ತ.

ಸಿದ್ದು ಹೊರಗೆ ಹೋಗಿ ಒಳಗೆ ಬಂದದ್ದು ಯಾರಿಗೂ ಕಾಣಲಿಲ್ಲ. ಕೊಯ್ತಾ ಮೇಲೆದ್ದಾಗ ಕಂಡಿತು. ಮಲ್ಲಪ್ಪ ಕತ್ತು ಬಗ್ಗಿಸಿದ್ದರಿಂದ ಏಟು ಕುತ್ತಿಗೆ ತಪ್ಪಿ ತಲೆಗೆ ಬಿತ್ತು. ಕಿವಿಯ ಮೇಲಿನಿಂದ ನೆತ್ತಿಯವರೆಗೆ ಚರ್ಮ ತೆರೆದುಕೊಂಡು ಬಿಳಿ ಎಲುಬು ಕಂಡು, ಮರುಕ್ಷಣ ಎಲ್ಲ ಕೆಂಪಾಯಿತು. ಅವನು ಮೊಣಕಾಲ ಮೇಲೆ ಕುಸಿದ. ಅವನ ಕಡೆಯವರು ಬಡಿಗೆ ಬಿಟ್ಟು ಹಿಂದೆ ಸರಿದರು. ಸಿದ್ದು ಎರಡನೆಯ ಏಟಿಗೆ ಕೈ ಎತ್ತಿದ. ಅವನ ಮುಖ ನನ್ನ ತಮ್ಮನದಾಗಿರಲಿಲ್ಲ.

"ಇಲ್ಲಿ ಬ್ಯಾಡ!"

ಅವ್ವ ಕೂಗಿದ್ದು. ಕೂಗಿ ನಡುವೆ ಬಂದು ಕೊಯ್ತಾ ಹಿಡಿದ ಮಗನ ರಟ್ಟೆಗೆ ಜೋತು ಬಿದ್ದಳು. ತಾಯಿಯ ಕರುಳು ನೋಡ್ರಿ ಅಂತ ಊರೆಲ್ಲ ಇವತ್ತಿಗೂ ಹೇಳುತ್ತದೆ. ನನಗೆ ಗೊತ್ತಿತ್ತು ಆ ಮಾತಿನ ಅರ್ಥ. ಮೇಲವಂಕಿಯ ಬದುವಿನ ಮೇಲೆ ಬೀಳಬೇಕಾದ ರಕ್ತ ಕುಲಗೋಡದ ಭವನದ ಫರ್ಶಿಯ ಮೇಲೆ ಬೀಳುತ್ತಿತ್ತು. ಅವಳು ಬೇಡ ಅಂದದ್ದು ಜಾಗವನ್ನು. ಅವಳ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಆದರೆ ಅವಳು ಅಲ್ಲಿಗೆ ನಿಲ್ಲಲಿಲ್ಲ. ಸಿದ್ದುವಿನ ಕೈಯಿಂದ ಕೊಯ್ತಾ ಕಿತ್ತು ಮೂಲೆಗೆ ಎಸೆದಳು. ಮಲ್ಲಪ್ಪ ಮಗ್ಗುಲಾಗಿ ಬಿದ್ದಿದ್ದ, ರಕ್ತ ಉಕ್ಕುತ್ತಿತ್ತು, ಬಾಯಿ ಮೀನಿನ ಹಾಗೆ ತೆರೆದು ಮುಚ್ಚುತ್ತಿತ್ತು. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದೆವು. ಅವ್ವ ಅವನ ತಲೆಯ ಹತ್ತಿರ ಕೂತಳು. ಅವನನ್ನು ನೋಡಿದಳು, ಸಿದ್ದುವನ್ನು ನೋಡಿದಳು. ಸೆರಗಿನ ಗಂಟನ್ನು ಬಿಚ್ಚಲು ಹೋದಳು, ಅದು ಬಿಗಿದು ಹೋಗಿತ್ತು, ಹಲ್ಲಿನಿಂದ ಎಳೆದಳು. ಒಳಗಿದ್ದ ಭಂಡಾರವನ್ನೆಲ್ಲ ಅಂಗೈಗೆ ಸುರಿದು ಆ ಗಾಯದೊಳಗೆ ತುಂಬಿ ಒತ್ತಿದಳು. ನಮ್ಮಲ್ಲಿ ಕೊಯ್ದುಕೊಂಡರೆ ಅರಿಶಿನವನ್ನೇ ಒತ್ತುವುದು. ಹಳದಿ ಪುಡಿ ಕೆಸರಾಗಿ ಅವಳ ಬೆರಳ ಸಂದಿಯಿಂದ ಹೊರಗೆ ಬಂತು. ದವಾಖಾನೆಯ ಗಾಡಿ ಬರುವವರೆಗೆ ಕೈ ತೆಗೆಯಲಿಲ್ಲ.

ಮಲ್ಲಪ್ಪನನ್ನೂ ಈರಪ್ಪ ಮಾಸ್ತರರನ್ನೂ ಒಂದೇ ಗಾಡಿಯಲ್ಲಿ ಗೋಕಾಕದ ದವಾಖಾನೆಗೆ ಒಯ್ದರು. ಮಾಸ್ತರರ ಕಣ್ಣು ಉಳಿಯಿತು. ನಾನು ಕೈಮುಗಿದು ಕ್ಷಮೆ ಕೇಳಲು ಹೋದರೆ, "ಅಕ್ಕೋರ, ಆ ತಾಯಿ ಯಾರ್ರಿ?" ಅಂತ ಅದೊಂದನ್ನೇ ಕೇಳಿದರು. ನಮ್ಮವ್ವ ಅಂದೆ. ಅವರು ಪಟ್ಟಿ ಕಟ್ಟಿದ ಮುಖವನ್ನು ಆಚೆ ತಿರುಗಿಸಿಕೊಂಡರು.

ಪೊಲೀಸರು ಬಂದಾಗ ಮಲ್ಲಪ್ಪ ಕುರ್ಚಿಗೆ ಎಡವಿ ಬಿದ್ದೆ ಅಂದ. ಮತ್ತೆ ಮತ್ತೆ ಕೇಳಿದರೂ ಅಷ್ಟೇ ಅಂದ. ಭವನದಲ್ಲಿದ್ದವರು ಏನೂ ಕಂಡಿಲ್ಲ ಅಂದರು, ಈರಪ್ಪ ಮಾಸ್ತರರೂ ದೂರು ಬೇಡ ಅಂದರು. ಮಾವ ಅದನ್ನು ಕೇಳಿ ತೊಡೆ ತಟ್ಟಿಕೊಂಡ.

"ನೋಡ, ಅವನೂ ನಮ್ಮಂಗ ಲೆಕ್ಕಾ ಹಾಕ್ಯಾನ. ಸಿದ್ದೂ ಒಳಗ ಹೋಗಬಾರ್ದು, ಕೈಗೆ ಸಿಗಬೇಕು ಅಂತ." ಆಮೇಲೆ ಅವ್ವನ ಕಡೆ ತಿರುಗಿ, "ಅದ್ಸರಿ, ಗಂಟ ಯಾಕ ಬಿಚ್ಚಿದಿ?" ಅಂದ.

"ರಕ್ತ ನಿಲ್ಲಿಸಾಕ."

"ಹಂಗಂದ್ರ?"

"ಅಂವ ಅಲ್ಲೇ ಸತ್ತಿದ್ರ ಸಿದ್ದು ಇವತ್ತ ಎಲ್ಲಿ ಇರ್ತಿದ್ದ?"

ಮಾವನಿಗೆ ಸಮಾಧಾನವಾಯಿತು. ಲೆಕ್ಕಾಚಾರ ಅಂದುಕೊಂಡ. ಗುಡಿಯಲ್ಲಿ ಮತ್ತೊಂದು ಮುಷ್ಟಿ ಎತ್ತಿದರಾಯಿತು ಅಂದ. ಅವ್ವ ಎದ್ದು ಒಳಗೆ ಹೋದಳು. ನಾನೂ ಅದನ್ನು ಲೆಕ್ಕಾಚಾರ ಅಂತಲೇ ಅಂದುಕೊಂಡೆ. ಅವಳಿಗೆ ಮಗ ಬೇಕಿತ್ತು, ಕೊಲ್ಲಲಿಕ್ಕೆ ಬೇಕಿತ್ತು. ಮುಂದಿನ ವಾರಗಳಲ್ಲಿ ಹೊಲದಲ್ಲಿ ಅರಿಶಿನ ಅಗೆದರು, ಬೇಯಿಸಿದರು, ಅಂಗಳದ ತುಂಬ ಹರವಿದರು. ಅವ್ವ ಹಬೆಯೊಳಗೆ ಕಡಾಯಿಯ ಮುಂದೆ ನಿಂತಿರುತ್ತಿದ್ದಳು, ಮೈಯೆಲ್ಲ ಹಳದಿ. ನಾನು ವಾರವಾರ ಹೋಗಿ ಬೈದು ಬರುತ್ತಿದ್ದೆ. ಮಲ್ಲಪ್ಪ ತಲೆಗೆ ಹೊಲಿಗೆ ಹಾಕಿಸಿಕೊಂಡು ಕುಲಗೋಡದ ಬಸ್‌ಸ್ಟ್ಯಾಂಡಿನ ಕಟ್ಟೆಗೆ ಮತ್ತೆ ಬಂದು ಕೂತ. ನನ್ನನ್ನು ಕಂಡರೆ ಮುಖ ತಗ್ಗಿಸುತ್ತಿದ್ದ, ನಾನು ಉಗುಳುತ್ತಿದ್ದೆ.

ಬಿಸಿಲು ಏರಿದ ಮೇಲೆ ಗೋಕಾಕದ ಕೋರ್ಟಿನಲ್ಲಿ ಅವ್ವನ ಸಾಕ್ಷಿ ಬಂತು. ಮಾವ ಬೆಳಿಗ್ಗೆಯಿಂದ ಅವಳ ಕಿವಿಯಲ್ಲಿ ಪಾಠ ಹೇಳುತ್ತಿದ್ದ. "ನೋಡಿಲ್ರಿ ಅನ್ನು, ಅಷ್ಟ. ಪೊಲೀಸ್ರು ಏನ್ ಬರಕೊಂಡಾರೋ ಗೊತ್ತಿಲ್ರಿ ಅನ್ನು." ಸಿದ್ದು ಬಾಗಿಲಿಗೆ ಒರಗಿ ನಿಂತಿದ್ದ. ಅವನ ಬೆನ್ನ ಹಿಂದೆ ಹೊರಗಡೆ ಮಲ್ಲಪ್ಪನ ತಮ್ಮಂದಿರಿಬ್ಬರೂ ನಿಂತು ಅವನನ್ನೇ ಅಳತೆ ಮಾಡುತ್ತಿದ್ದರು. ಎರಡೂ ಮನೆಯವರು ಕಾದದ್ದು ಅದೇ ಒಂದು ಸುಳ್ಳಿಗೆ. ನಾನು ಬೆಂಚಿನ ಅಂಚು ಹಿಡಿದು ಕೂತಿದ್ದೆ. ಅವಳು ಇಲ್ಲ ಅಂದರೆ ಇವತ್ತು ನನ್ನ ಎರಡನೆಯ ಸಹೋದರನೂ ಸತ್ತ ಹಾಗೆ.

ಸರಕಾರಿ ವಕೀಲರು ಕೇಳಿದರು. "ನಿಮ್ಮ ಮಗನನ್ನು ಹೊಡೆದದ್ದು ನೀವು ನೋಡಿದಿರಾ?"

ಅವ್ವ ಕಟಕಟೆಯ ಕಟ್ಟಿಗೆಯ ಮೇಲೆ ಕೈಯಿಟ್ಟಳು.

"ನೋಡೇನ್ರಿ."

ಮಾವ ಎದ್ದು ನಿಂತ. ಜಡ್ಜ್ ಸಾಹೇಬರು ಕೂರಲು ಹೇಳಿದರು. ಯಾರು ಹೊಡೆದರು ಅಂತ ವಕೀಲರು ಕೇಳಿದರು. ಅವ್ವ ಬೆರಳು ಎತ್ತಿ ಮಲ್ಲಪ್ಪನನ್ನು ತೋರಿಸಿದಳು. "ಇಂವ. ಕೊಡ್ಲಿಲೆ. ಕುತ್ತಗಿಗೆ ಒಂದು, ಬಿದ್ದ ಮ್ಯಾಲ ಭುಜಕ್ಕ ಒಂದು." ಮಲ್ಲಪ್ಪ ಕಣ್ಣು ಮುಚ್ಚಿಕೊಂಡ. ನನ್ನ ಎದೆಯಿಂದ ದೊಡ್ಡ ಕಲ್ಲೊಂದು ಇಳಿಯಿತು. ಸಾಕು, ಇಷ್ಟು ಸಾಕು, ಇವನು ಜೈಲಿಗೆ ಹೋಗುತ್ತಾನೆ, ಸಿದ್ದು ಮನೆಗೆ ಬರುತ್ತಾನೆ. ವಕೀಲರು ಇನ್ನು ಇಳಿಯಿರಿ ಅನ್ನುವ ಹಾಗೆ ತಲೆ ಆಡಿಸಿದರು. ಅವ್ವ ಇಳಿಯಲಿಲ್ಲ.

"ಇನ್ನೂ ಐತ್ರಿ. ಅದನ್ನೂ ಬರಕೋರ್ರಿ. ಮೊದಲ ಕೊಡ್ಲಿ ಎತ್ತಿದಂವ ನನ್ನ ಮಗ. ಪಾಳಿ ಇವಂದಿತ್ತು. ನನ್ನ ಬಸ್ಯಾ ನೀರ ನಮ್ಮ ಹೊಲಕ್ಕ ಒಡದ. ಇಂವ ಬಂದು ಯಾಕೋ ಅಂದ. ಬಸ್ಯಾ ಕೊಡ್ಲಿ ಬೀಸಿದ, ತಪ್ಪಿತು. ಅದ ಕೊಡ್ಲಿ ಕಸಗೊಂಡು ಇಂವ ಹೊಡದ."

ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. "ಸುಳ್ಳು! ಯವ್ವಾ, ಸುಳ್ಳು ಹೇಳಬ್ಯಾಡ!" ಅಂತ ಕೋರ್ಟು ಬಿರಿಯುವ ಹಾಗೆ ಕಿರುಚಿದೆ. ಮಹಿಳಾ ಕಾನ್‌ಸ್ಟೇಬಲ್ ಬಂದು ನನ್ನ ತೋಳು ಹಿಡಿದಳು. ನಾನು ಕೊಸರಿದೆ. ಅಣ್ಣನನ್ನು ಎರಡನೆಯ ಸಲ ಕೊಲ್ಲುತ್ತಿದ್ದಾಳೆ ಅನ್ನಿಸಿತು.

ಅವ್ವ ಕಟಕಟೆಯಲ್ಲೇ ನನ್ನ ಕಡೆ ತಿರುಗಿದಳು. ಅಣ್ಣ ಸತ್ತಂದಿನಿಂದ ಅವಳು ನನ್ನನ್ನು ಹಾಗೆ ನೆಟ್ಟಗೆ ನೋಡಿರಲಿಲ್ಲ.

"ಸುಳ್ಳಲ್ಲ ಶಾಂತಾ. ನಾ ಅಲ್ಲೇ ಇದ್ನಿ. ಇದನ್ನ ನುಂಗಿಕೊಂಡು ಭಂಡಾರ ಎತ್ತಿದ್ನಿ, ಈಗ ಇಳಿಸೇನಿ. ಇನ್ನೂ ನುಂಗಿಕೊಂಡ್ರ ಸಿದ್ದೂನ್ನ ತಿಂತೇನಿ."

ಬಾಗಿಲಲ್ಲಿ ಸಿದ್ದು ಇರಲಿಲ್ಲ. ಹೊರಗೆ ಬಂದು ನೋಡಿದೆ. ಕೋರ್ಟಿನ ಬೇವಿನ ಮರದ ಕೆಳಗೆ ಅವನು ಕುಕ್ಕರುಗಾಲಲ್ಲಿ ಕೂತು ವಾಂತಿ ಮಾಡುತ್ತಿದ್ದ. ಮಲ್ಲಪ್ಪನ ಕಿರಿಯ ತಮ್ಮ ಸ್ವಲ್ಪ ದೂರದಲ್ಲಿ ನಿಂತು, ಏನು ಮಾಡಬೇಕೋ ತಿಳಿಯದೆ, ನೀರಿನ ಬಾಟಲಿಯನ್ನು ಅವನ ಕಡೆ ನೆಲದ ಮೇಲೆ ಉರುಳಿಸಿದ. ಸಿದ್ದು ಅದನ್ನು ಎತ್ತಿಕೊಂಡು ಬಾಯಿ ತೊಳೆದುಕೊಂಡ.